ನಲವತ್ತು ಸಾಲಿನ ಕಸುಬು

ಹೋಬಳಿ ಕೇಂದ್ರವೊಂದರ ಗ್ರಂಥಾಲಯದಲ್ಲಿ ಆರೇಳು ಸಾವಿರ ಪುಸ್ತಕಗಳಿವೆ ಎಂದುಕೊಳ್ಳಿ. ನಾಲ್ಕೈದು ಮಂದಿ ಬೇರೆ ಬೇರೆ ಕಾಲದಲ್ಲಿ ಅವುಗಳ ಪಟ್ಟಿಯನ್ನು ಎಕ್ಸೆಲ್‌ಗೆ ತುಂಬಿದ್ದಾರೆ. ಒಬ್ಬರು ಬೆಲೆಯನ್ನು ಕನ್ನಡ ಅಂಕಿಯಲ್ಲಿ ಬರೆದರೆ, ಮತ್ತೊಬ್ಬರು ಇಂಗ್ಲಿಷ್ ಅಂಕಿಯ ಮುಂದೆ ಅಡ್ಡಗೆರೆ ಎಳೆದಿದ್ದಾರೆ. ಶಿವರಾಮ ಕಾರಂತರು ಒಂದು ಕಡೆ ‘ಡಾ. ಶಿವರಾಮ ಕಾರಂತ’, ಇನ್ನೊಂದು ಕಡೆ ‘ಕೆ. ಶಿವರಾಮ ಕಾರಂತ್’, ಮಗದೊಂದು ಕಡೆ ‘ಕೋಟ ಶಿವರಾಮ ಕಾರಂತ’. ಓದುಗರೊಬ್ಬರು ಬಂದು ಕಾರಂತರ ಕಾದಂಬರಿಗಳು ಯಾವುವಿವೆ ಎಂದು ಕೇಳಿದರೆ ಪಟ್ಟಿ ಅರೆಬರೆ ಉತ್ತರ ಕೊಡುತ್ತದೆ. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಓದುಗ ಬರಿಗೈಯಲ್ಲಿ ಹೋಗುತ್ತಾನೆ.

ಇಂಥ ಪಟ್ಟಿಗಳು ನಮ್ಮ ಸುತ್ತ ಎಷ್ಟಿಲ್ಲ! ಸಹಕಾರ ಸಂಘದ ಸದಸ್ಯರ ಯಾದಿ, ಶಾಲೆಯ ಹಳೆಯ ದಾಖಲಾತಿ, ನಾಟಕ ತಂಡವೊಂದರ ಪ್ರದರ್ಶನಗಳ ಲೆಕ್ಕ, ಊರಿನ ಮಳೆ ಅಳತೆಯ ಪುಸ್ತಕ. ಇವುಗಳನ್ನು ಸರಿಪಡಿಸಲು ಯಾವ ಕಂಪನಿಯೂ ಸಾಫ್ಟ್‌ವೇರ್ ಮಾಡಿ ಮಾರುವುದಿಲ್ಲ, ಏಕೆಂದರೆ ಒಂದೊಂದರ ಸಿಕ್ಕೂ ಬೇರೆ. ಕೈಯಿಂದ ತಿದ್ದಲು ಕುಳಿತರೆ ವಾರಗಟ್ಟಲೆ ಕೆಲಸ. ನಡುವೆ ಉಳಿಯುವ ದಾರಿ ಸಣ್ಣದೊಂದು ಸ್ಕ್ರಿಪ್ಟ್. ಪೈಥಾನ್‌ನಂಥ ಭಾಷೆಯಲ್ಲಿ ನಲವತ್ತು ಸಾಲು ಬರೆದರೆ ಈ ಗ್ರಂಥಾಲಯದ ಪಟ್ಟಿ ಬಹುಪಾಲು ಹದಕ್ಕೆ ಬರುತ್ತದೆ. ಆದರೆ ಆ ನಲವತ್ತು ಸಾಲುಗಳಲ್ಲಿ ಭಾಷೆಯ ಚಮತ್ಕಾರಕ್ಕಿಂತ ಮಾಹಿತಿಯ ಮೇಲಿನ ನಿಗಾ ಹೆಚ್ಚು ಬೇಕು. ಕನ್ನಡದ ಮಾಹಿತಿಯಾದರೆ ಇನ್ನೂ ಹೆಚ್ಚು.

ಪೈಥಾನ್ ಹುಟ್ಟಿದ್ದೇ ದಿನನಿತ್ಯದ ಕೆಲಸಕ್ಕೆ. ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿದ್ದ ಗಿಡೋ ವಾನ್ ರಾಸಮ್ 1989ರ ಡಿಸೆಂಬರ್ ರಜೆಯಲ್ಲಿ ಅದನ್ನು ಬರೆಯಲು ತೊಡಗಿದರು. 1991ರ ಫೆಬ್ರವರಿಯಲ್ಲಿ ಮೊದಲ ಆವೃತ್ತಿ ಹೊರಗೆ ಬಂತು. ಅದಕ್ಕೂ ಮೊದಲು ಅವರು ದುಡಿದಿದ್ದ ಎಬಿಸಿ ಎಂಬ ಭಾಷೆ ಹೊಸಬರಿಗೆ ಕಲಿಸಲೆಂದೇ ರೂಪುಗೊಂಡದ್ದು. ಅದರ ಸ್ವಚ್ಛತೆ ಪೈಥಾನ್‌ಗೂ ಇಳಿಯಿತು. 1999ರಲ್ಲಿ ಗಿಡೋ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾಕ್ಕೆ ಒಂದು ಪ್ರಸ್ತಾವ ಸಲ್ಲಿಸಿದರು. ಓದುಬರಹದ ಹಾಗೆ ಪ್ರೋಗ್ರಾಮಿಂಗ್ ಕೂಡ ಎಲ್ಲರಿಗೂ ದಕ್ಕಬೇಕು ಎಂಬುದು ಅದರ ತಿರುಳು. ನನ್ನ ಮಟ್ಟಿಗೆ ಪೈಥಾನ್‌ನ ಇಡೀ ಚರಿತ್ರೆಯಲ್ಲಿ ನೆನಪಿಡಬೇಕಾದ ಘಟನೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ಮೊದಲ ‘ಪೈಕಾನ್ ಇಂಡಿಯಾ’ ಸಮಾವೇಶ ನಡೆಯಿತು. ಈಗ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಪೈಥಾನ್ ಗೊತ್ತಿಲ್ಲದೇನಿಲ್ಲ. ಆದರೆ ಗಿಡೋ ಕಂಡ ‘ಎಲ್ಲರೂ’ ಎಂಬುದರಲ್ಲಿ ಆ ಗ್ರಂಥಪಾಲಕರೂ ಬರಬೇಕು, ಸಂಘದ ಗುಮಾಸ್ತರೂ ಬರಬೇಕು.

ಮೊದಲು ನೋಡು, ಆಮೇಲೆ ಬರೆ

ಹೊಸಬರು ಸಾಮಾನ್ಯವಾಗಿ ಎಡಿಟರ್ ತೆರೆದು ಇಡೀ ಪ್ರೋಗ್ರಾಂ ಬರೆದು ಮುಗಿಸಿ ಒಂದೇ ಸಲ ಓಡಿಸುತ್ತಾರೆ. ಅನುಭವಸ್ಥರು ಹಾಗೆ ಮಾಡುವುದಿಲ್ಲ. ಅವರು ಪೈಥಾನ್‌ನ ಸಂವಾದ ಕಿಟಕಿಯಲ್ಲಿ ಒಂದೊಂದೇ ಸಾಲು ಕೊಟ್ಟು ಉತ್ತರ ನೋಡುತ್ತ ಹೋಗುತ್ತಾರೆ. ಪಟ್ಟಿಯನ್ನು ಎಕ್ಸೆಲ್‌ನಿಂದ ಸಿಎಸ್‌ವಿ ರೂಪಕ್ಕೆ ಉಳಿಸಿಕೊಂಡು, ಪೈಥಾನ್‌ನ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್‌ನಿಂದ ಓದಿ, ಮೊದಲ ಐದು ಸಾಲು ತೆರೆಯ ಮೇಲೆ ತರುವುದು ಮೊದಲ ಕೆಲಸ.

ಎರಡನೆಯದು ಎಣಿಕೆ. ಕಲೆಕ್ಷನ್ಸ್ ಎಂಬ ಮಾಡ್ಯೂಲ್‌ನಲ್ಲಿ ಕೌಂಟರ್ ಎಂಬ ಸಾಧನವಿದೆ. ಯಾವುದೇ ಕಾಲಂ ಅನ್ನು ಅದಕ್ಕೆ ಕೊಟ್ಟರೆ ಯಾವ ಪದ ಎಷ್ಟು ಸಲ ಬಂದಿದೆ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ‘ಪ್ರಕಾರ’ ಎಂಬ ಕಾಲಂ ಕೊಟ್ಟುನೋಡಿ: ‘ಕಾದಂಬರಿ’, ‘ಕಾದಂಬರಿಗಳು’, ‘ಕಾದ೦ಬರಿ’, ‘ನಾವೆಲ್’ ಎಲ್ಲ ಬೇರೆ ಬೇರೆಯಾಗಿ ಸಾಲುಗಟ್ಟಿ ನಿಲ್ಲುತ್ತವೆ. ಕೊನೆಯಲ್ಲಿ ಒಂದೊಂದೇ ಸಲ ಬಂದವುಗಳನ್ನು ಗಮನವಿಟ್ಟು ಓದಿದರೆ ಪಟ್ಟಿಯ ರೋಗವೆಲ್ಲ ಅಲ್ಲೇ ಕಾಣುತ್ತದೆ. ಪೈಥಾನ್‌ನ ಒಂದೇ ಒಂದು ಸಾಧನವನ್ನು ಕಲಿಯಿರಿ ಎಂದು ಹೇಳಬೇಕಾದರೆ ನಾನು ಕೌಂಟರ್ ಅನ್ನೇ ಹೇಳುತ್ತೇನೆ.

ಪೈಥಾನ್ ಹಾಕಿಕೊಂಡಾಗಲೇ ಇಂಥ ಬಹುಪಾಲು ಸಲಕರಣೆಗಳು ಜೊತೆಗೆ ಬರುತ್ತವೆ. ಫೋಲ್ಡರುಗಳಲ್ಲಿ ಫೈಲು ಹುಡುಕಲು ಪಾತ್‌ಲಿಬ್, ದಿನಾಂಕಕ್ಕೆ ಡೇಟ್‌ಟೈಮ್, ಪಟ್ಟಿ ದೊಡ್ಡದಾದರೆ ಇಡೀ ದತ್ತಸಂಚಯವನ್ನು ಒಂದೇ ಫೈಲಿನಲ್ಲಿಡುವ ಎಸ್‌ಕ್ಯುಲೈಟ್. ಹೊರಗಿನಿಂದ ಪ್ಯಾಕೇಜು ತಂದು ಹಾಕಿಕೊಳ್ಳುವ ಮುನ್ನ ಮನೆಯಲ್ಲೇ ಇದೆಯೇ ಎಂದು ನೋಡುವುದು ಒಳ್ಳೆಯದು. ಹೊರಗಿನದು ಬೇಕೇಬೇಕಾದರೆ ವೆನ್ವ್ ಎಂಬ ಸಾಧನ ಬಳಸಿ ಆ ಕೆಲಸಕ್ಕೇ ಬೇರೆ ಆವರಣ ಮಾಡಿಕೊಳ್ಳಿ. ಆಗ ಒಂದು ಕೆಲಸದ ಪ್ಯಾಕೇಜುಗಳು ಇನ್ನೊಂದರ ಕಾಲಿಗೆ ತೊಡರುವುದಿಲ್ಲ.

ಬೆಲೆಯ ಕಾಲಂನಲ್ಲಿ ಒಂದು ಸಂತೋಷದ ಸಂಗತಿ ಕಾದಿದೆ. ‘೧೨೫’ ಎಂಬ ಕನ್ನಡ ಅಂಕಿಗಳನ್ನು ಪೂರ್ಣಾಂಕಕ್ಕೆ ಪರಿವರ್ತಿಸು ಎಂದು ಪೈಥಾನ್‌ಗೆ ಹೇಳಿದರೆ ಅದು ತಕರಾರಿಲ್ಲದೆ 125 ಎನ್ನುತ್ತದೆ. ಕನ್ನಡ ಅಂಕಿಗಾಗಿ ಒಂದಕ್ಷರವನ್ನೂ ಬೇರೆ ಬರೆಯಬೇಕಿಲ್ಲ. ರೂಪಾಯಿ ಚಿಹ್ನೆ, ಅಡ್ಡಗೆರೆಗಳನ್ನು ಕಿತ್ತುಹಾಕಿದರೆ ಸಾಕು. ಪೈಸೆಯ ಲೆಕ್ಕವಿದ್ದರೆ ಮಾತ್ರ ಎಚ್ಚರಬೇಕು. ಸಾಮಾನ್ಯ ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ದ್ವಿಮಾನದಲ್ಲಿ ಇಡುವುದರಿಂದ 0.1 ಮತ್ತು 0.2ನ್ನು ಕೂಡಿದರೆ ಉತ್ತರ 0.30000000000000004 ಎಂದು ಬರುತ್ತದೆ. ಹಣಕ್ಕೆ ಡೆಸಿಮಲ್ ಎಂಬ ಮಾಡ್ಯೂಲ್ ಬಳಸಬೇಕು, ಇಲ್ಲವೇ ಎಲ್ಲವನ್ನೂ ಪೈಸೆಗೆ ಇಳಿಸಿ ಪೂರ್ಣಾಂಕದಲ್ಲೇ ಲೆಕ್ಕ ಹಾಕಬೇಕು.

ಕೆಂಪು ಅಕ್ಷರಗಳಿಗೆ ಹೆದರುವುದೇಕೆ?

ಸ್ಕ್ರಿಪ್ಟ್ ಓಡಿಸಿದಾಗ ಹತ್ತಿಪ್ಪತ್ತು ಸಾಲಿನ ಎರರ್ ಬಂದರೆ ಎಷ್ಟೋ ಮಂದಿ ಓದದೆ ಮುಚ್ಚಿಬಿಡುತ್ತಾರೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕಟ್ಟಕಡೆಯ ಸಾಲಿನಲ್ಲಿ ಏನಾಯಿತು ಎಂಬುದಿರುತ್ತದೆ, ಅದರ ಮೇಲೆ ಎಲ್ಲಿ ಆಯಿತು ಎಂಬುದು, ಇನ್ನೂ ಮೇಲೆ ಅಲ್ಲಿಗೆ ಯಾವ ದಾರಿಯಲ್ಲಿ ಬಂದದ್ದು ಎಂಬುದು. 2021ರ 3.10 ಮತ್ತು 2022ರ 3.11 ಆವೃತ್ತಿಗಳಲ್ಲಿ ಈ ಸಂದೇಶಗಳು ಬಹಳ ಸುಧಾರಿಸಿವೆ. ಹೆಸರು ತಪ್ಪಾಗಿ ಬರೆದಿದ್ದರೆ ಇದನ್ನೇ ಹೇಳಲು ಹೊರಟಿರಾ ಎಂದು ಸರಿಯಾದ ಹೆಸರು ಸೂಚಿಸುತ್ತವೆ. ಸಾಲಿನ ಯಾವ ಭಾಗದಲ್ಲಿ ತೊಡಕು ಎಂದು ಬಾಣದ ತುದಿಯಂಥ ಗುರುತು ಹಾಕಿ ತೋರಿಸುತ್ತವೆ.

ಆಗಲೂ ಅರ್ಥವಾಗದಿದ್ದರೆ, ಅನುಮಾನವಿರುವ ಸಾಲಿನ ಹಿಂದೆ ಬ್ರೇಕ್‌ಪಾಯಿಂಟ್ ಎಂಬ ಒಂದು ಕರೆ ಹಾಕಿ. 3.7ರಿಂದ ಅದು ಭಾಷೆಯಲ್ಲೇ ಇದೆ. ಪ್ರೋಗ್ರಾಂ ಅಲ್ಲಿಗೆ ಬಂದು ನಿಂತು, ಆ ಕ್ಷಣದಲ್ಲಿ ಯಾವ ಹೆಸರಿನಲ್ಲಿ ಏನಿದೆ ಎಂದು ನೀವೇ ಕೇಳಿ ನೋಡಲು ಬಿಡುತ್ತದೆ. ಎಲ್ಲೆಂದರಲ್ಲಿ ಪ್ರಿಂಟ್ ಹಾಕಿ ಊಹಿಸುವುದಕ್ಕಿಂತ ಇದು ಎಷ್ಟೋ ಮೇಲು.

ಕನ್ನಡ ಪಟ್ಟಿಯ ಕೆಲಸದಲ್ಲಿ ಮೊಟ್ಟಮೊದಲು ಎದುರಾಗುವ ಎರರ್ ಬಹುಶಃ ಎನ್‌ಕೋಡಿಂಗ್‌ನದು, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿಯದು. ವಿಂಡೋಸ್ ಗಣಕದಲ್ಲಿ ಫೈಲು ತೆರೆಯುವಾಗ ಎನ್‌ಕೋಡಿಂಗ್ ಯಾವುದೆಂದು ಹೇಳದಿದ್ದರೆ ಪೈಥಾನ್ ಆ ಗಣಕದ ಹಳೆಯ ಪದ್ಧತಿಯನ್ನು ಹಿಡಿಯುತ್ತದೆ, ಕನ್ನಡ ಕಂಡೊಡನೆ ಮುಗ್ಗರಿಸುತ್ತದೆ. ಯುಟಿಎಫ್-8 ಎಂದು ಪ್ರತಿ ಸಲವೂ ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿಕೊಳ್ಳಬೇಕು. ತಿದ್ದಿದ ಪಟ್ಟಿಯನ್ನು ಮತ್ತೆ ಎಕ್ಸೆಲ್‌ನಲ್ಲಿ ತೆರೆಯುವವರಿದ್ದರೆ ಬರೆಯುವಾಗ ಯುಟಿಎಫ್-8-ಸಿಗ್ ಎಂದು ಕೊಡಿ. ಫೈಲಿನ ತಲೆಗೆ ಮೂರು ಬೈಟುಗಳ ಗುರುತೊಂದು ಸೇರುತ್ತದೆ, ಅದನ್ನು ಕಂಡು ಎಕ್ಸೆಲ್ ಕನ್ನಡವನ್ನು ಕನ್ನಡವಾಗಿಯೇ ತೋರಿಸುತ್ತದೆ. ಈ ಒಂದು ಸಣ್ಣ ವಿಷಯ ತಿಳಿಯದೆ, ಫೈಲೇ ಕೆಟ್ಟಿತೆಂದು ಕೈಚೆಲ್ಲಿ ಕುಳಿತವರಿದ್ದಾರೆ.

ಕಣ್ಣಿಗೆ ಒಂದು, ಯಂತ್ರಕ್ಕೆ ಇನ್ನೊಂದು

ಈಗ ಮುಖ್ಯ ವಿಷಯಕ್ಕೆ ಬರೋಣ. ಪೈಥಾನ್ ಪಠ್ಯಪುಸ್ತಕಗಳ ಉದಾಹರಣೆಗಳೆಲ್ಲ ಇಂಗ್ಲಿಷ್ ಪಠ್ಯಕ್ಕೆ ಬರೆದವು. ಅವನ್ನು ಹಾಗೆಯೇ ಎತ್ತಿ ಕನ್ನಡಕ್ಕೆ ಹಚ್ಚಿದರೆ ತಪ್ಪು ಉತ್ತರ ಬರುತ್ತದೆ, ಅದೂ ಎರರ್ ಇಲ್ಲದೆ ಸದ್ದಿಲ್ಲದೆ ಬರುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರು ಯುನಿಕೋಡ್‌ನ ಒಳಹೊಕ್ಕು ತಿಳಿಯಬೇಕಾದದ್ದು ಇದೇ ಕಾರಣಕ್ಕೆ.

ಯುನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಒಂದು ಪಟ್ಟಿ ಮೀಸಲಿಟ್ಟಿದೆ. ಅದರಲ್ಲಿ ವ್ಯಂಜನಕ್ಕೆ ಒಂದು ಸ್ಥಾನ, ಗುಣಿತದ ಚಿಹ್ನೆಗೆ ಇನ್ನೊಂದು, ಅರ್ಧಾಕ್ಷರ ಮಾಡುವ ಹಲಂತಕ್ಕೆ ಮತ್ತೊಂದು. ಹೀಗಾಗಿ ‘ಕನ್ನಡ’ ಪದದ ಉದ್ದ ಎಷ್ಟೆಂದು ಪೈಥಾನ್‌ಗೆ ಕೇಳಿದರೆ ಐದು ಎನ್ನುತ್ತದೆ: ಕ, ನ, ಹಲಂತ, ನ, ಡ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಫೈಲಿನಲ್ಲಿ ಅದು ಹಿಡಿಯುವುದು ಹದಿನೈದು ಬೈಟು. ಹೆಸರನ್ನು ಇಪ್ಪತ್ತು ‘ಅಕ್ಷರ’ಕ್ಕೆ ಕತ್ತರಿಸುವ ಸ್ಕ್ರಿಪ್ಟ್ ಬರೆದರೆ ಕೊನೆಯ ಒತ್ತಕ್ಷರ ಅರ್ಧಕ್ಕೇ ತುಂಡಾಗಿ ನಿಲ್ಲುವ ಸಾಧ್ಯತೆ ಇದೆ.

ಪದ ಬಿಡಿಸುವುದು ಇನ್ನೂ ಜಾರು ನೆಲ. ಪಠ್ಯದ ವಿನ್ಯಾಸ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗಳಲ್ಲಿ ‘ಪದದ ಅಕ್ಷರ’ ಎಂಬುದಕ್ಕೆ ಒಂದು ಸಂಕೇತವಿದೆ, ಇಂಗ್ಲಿಷಿಗೆ ಅದೇ ರೂಢಿ. ಪೈಥಾನ್‌ನ ಆರ್‌ಇ ಮಾಡ್ಯೂಲ್ ಗುಣಿತ ಚಿಹ್ನೆಯನ್ನೂ ಹಲಂತವನ್ನೂ ಪದದ ಭಾಗವೆಂದು ಪರಿಗಣಿಸುವುದಿಲ್ಲ. ‘ಪುಸ್ತಕ’ ಕೊಟ್ಟರೆ ‘ಪ’, ‘ಸ’, ‘ತಕ’ ಎಂದು ಮೂರು ಚೂರು ಮಾಡಿ ಕೊಡುತ್ತದೆ. ಪದಗಳ ಬಳಕೆ ಎಣಿಸಲು ಹೊರಟವರು ಇದನ್ನು ಗಮನಿಸದಿದ್ದರೆ ಕನ್ನಡದಲ್ಲಿ ಇಲ್ಲದ ಪದಗಳ ಲೆಕ್ಕವೇ ಕೈಗೆ ಬರುತ್ತದೆ. ಪರಿಹಾರ ಕಷ್ಟದ್ದಲ್ಲ: ಆ ಸಂಕೇತ ಬಿಟ್ಟು, ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ವ್ಯಾಪ್ತಿಯನ್ನೇ ನೇರವಾಗಿ ಕೊಡುವುದು. ಸೊನ್ನೆ ಅಗಲದ ಎರಡು ಜೋಡಕಗಳನ್ನೂ ಅದಕ್ಕೆ ಸೇರಿಸಬೇಕು.

ಆ ಜೋಡಕಗಳ ಕಾಟ ದೊಡ್ಡದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ. ಅಲ್ಲಿ ಅದು ಬೇಕೇಬೇಕು. ಆದರೆ ಕೆಲವು ಕೀಲಿಮಣೆಗಳಲ್ಲಿ ಟೈಪ್ ಮಾಡುವಾಗ ‘ಕಾರಂತ್’ ಎಂಬ ಹೆಸರಿನ ತುದಿಯಲ್ಲೂ ಅದು ಉಳಿದುಬಿಡುತ್ತದೆ. ನೋಡಲು ಎರಡು ‘ಕಾರಂತ್’ಗಳೂ ಒಂದೇ, ಪೈಥಾನ್‌ಗೆ ಬೇರೆ ಬೇರೆ. ಪದದ ಆಚೀಚೆಯ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಕೂಡ ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಅದು ಖಾಲಿ ಜಾಗದ ಗುಂಪಿಗೆ ಸೇರಿದ್ದಲ್ಲ. ಹೀಗೆ ಅನುಮಾನ ಬಂದಾಗ ಪದವನ್ನು ಪ್ರಿಂಟ್ ಮಾಡಬಾರದು, ರೆಪ್ರ್ ಎಂಬ ಫಂಕ್ಷನ್‌ನ ಮೂಲಕ ನೋಡಬೇಕು. ಕಾಣದ ಚಿಹ್ನೆಗಳನ್ನು ಅದು ಅವುಗಳ ಸಂಖ್ಯೆಯಾಗಿ ಬಿಚ್ಚಿ ತೋರಿಸುತ್ತದೆ.

ಮತ್ತೊಂದು ತೊಡಕು ಟೈಪಿಂಗ್ ರೂಢಿಯಿಂದ ಬಂದದ್ದು. ಅನುಸ್ವಾರ ಹಾಕಬೇಕಾದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಹಾಕುವವರು ಬಹಳ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡನ್ನೂ ಇನ್ನೊಮ್ಮೆ ನೋಡಿ. ಎರಡನೆಯದರ ಒಳಗಿರುವುದು ಸೊನ್ನೆ. ಎಷ್ಟೋ ಅಕ್ಷರಶೈಲಿಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಯುನಿಕೋಡ್‌ಡೇಟಾ ಎಂಬ ಮಾಡ್ಯೂಲ್‌ಗೆ ಆ ಒಂದು ಅಕ್ಷರ ಕೊಟ್ಟು ಹೆಸರು ಕೇಳಿದರೆ ಅದು ಅಂಕಿಯೋ ಅನುಸ್ವಾರವೋ ಎಂದು ಸ್ಪಷ್ಟವಾಗಿ ಹೇಳುತ್ತದೆ. ತಿದ್ದಲು ಒಂದೇ ನಿಯಮ ಸಾಕು: ಸೊನ್ನೆಯ ಹಿಂದೆ ಕನ್ನಡದ ವ್ಯಂಜನ, ಸ್ವರ ಅಥವಾ ಗುಣಿತ ಚಿಹ್ನೆ ಇದ್ದರೆ ಅದನ್ನು ಅನುಸ್ವಾರ ಮಾಡು, ಹಿಂದೆ ಅಂಕಿ ಇದ್ದರೆ ಹಾಗೆಯೇ ಬಿಡು. ‘ಸಂಪುಟ ೧೦’ ಎಂಬಲ್ಲಿನ ಸೊನ್ನೆ ಸುರಕ್ಷಿತವಾಗಿ ಉಳಿಯುತ್ತದೆ.

ಓ ಕಾರದ ಚಿಹ್ನೆಯನ್ನೂ ಎರಡು ಬಗೆಯಲ್ಲಿ ಬರೆಯಬಹುದು, ಒಂದೇ ಸ್ಥಾನವಾಗಿ ಅಥವಾ ಎರಡು ಮೂರು ಚಿಹ್ನೆಗಳನ್ನು ಜೋಡಿಸಿ. ಈ ಭೇದವನ್ನು ಒಂದುಗೂಡಿಸಲು ಅದೇ ಯುನಿಕೋಡ್‌ಡೇಟಾದಲ್ಲಿ ನಾರ್ಮಲೈಸ್ ಇದೆ. ಕನ್ನಡ ಪಠ್ಯ ಓದಿದೊಡನೆ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡರೆ ಮುಂದಿನ ಹೋಲಿಕೆಗಳು ನೆಟ್ಟಗಾಗುತ್ತವೆ.

ಪಟ್ಟಿಯ ಹಳೆಯ ಭಾಗ ಯುನಿಕೋಡ್‌ಗೂ ಮೊದಲಿನ ಅಕ್ಷರಶೈಲಿಗಳಲ್ಲಿದ್ದರೆ ಕೆಲಸ ಬೇರೆಯೇ. ಅಲ್ಲಿ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಕನ್ನಡದ ಆಕಾರ ತೊಡಿಸಲಾಗಿದೆ. ಒಂದಕ್ಕೊಂದು ಬದಲಿಸಿದರೆ ಮುಗಿಯುವುದಿಲ್ಲ. ‘ಸೂರ್ಯ’ ಪದದ ಅರ್ಕಾವೊತ್ತು ಅಲ್ಲಿ ಯಕಾರದ ನಂತರ ಬಂದಿರುತ್ತದೆ. ಯುನಿಕೋಡ್‌ನಲ್ಲಿ ರಕಾರ ಮತ್ತು ಹಲಂತ ಯಕಾರಕ್ಕಿಂತ ಮೊದಲು ಬರಬೇಕು. ಈ ಕ್ರಮಪಲ್ಲಟವನ್ನೆಲ್ಲ ನೋಡಿಕೊಳ್ಳುವ ಮುಕ್ತ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳೇ ಬರೆದು ಹಂಚಿದ್ದಾರೆ. ಮುಕ್ತ ತಂತ್ರಾಂಶದ ಇಂಥ ದುಡಿಮೆ ನಮ್ಮಲ್ಲಿ ಸುದ್ದಿಯಾಗದೆ ಹೋಗುವುದು ನನಗೆ ಬೇಸರದ ಸಂಗತಿ. ವಚನ ಸಾಹಿತ್ಯವನ್ನು ಪದ ಹಿಡಿದು ಹುಡುಕುವಂತೆ ಮಾಡಿದ ‘ವಚನ ಸಂಚಯ’ದಂಥ ಯೋಜನೆಗಳ ಹಿಂದೆ ಅಕ್ಷರ ತಿದ್ದುವ ಇದೇ ಬಗೆಯ ತಾಳ್ಮೆ ಇದೆ.

ಅಕಾರಾದಿಯ ಲೆಕ್ಕ

ಪಟ್ಟಿ ತಿದ್ದಿಯಾಯಿತು, ಅಕಾರಾದಿಯಾಗಿ ಜೋಡಿಸೋಣ ಎಂದರೆ ಅಲ್ಲೂ ಒಂದು ಕೊಕ್ಕೆ. ಪೈಥಾನ್ ಜೋಡಿಸುವುದು ಯುನಿಕೋಡ್ ಸ್ಥಾನಗಳ ಕ್ರಮದಲ್ಲಿ. ಬಹುತೇಕ ಅದು ವರ್ಣಮಾಲೆಯ ಕ್ರಮವೇ, ಆದರೆ ಳಕಾರ ಲಕಾರದ ಪಕ್ಕದಲ್ಲೇ ಕುಳಿತಿದೆ. ನಮ್ಮ ನಿಘಂಟುಗಳಲ್ಲಿ ಅದು ಹಕಾರದ ನಂತರ. ಹಾಗಾಗಿ ನಿಘಂಟಿನಲ್ಲಿ ‘ಬಹಳ’ದ ನಂತರ ಬರಬೇಕಾದ ‘ಬಳಗ’ವನ್ನು ಪೈಥಾನ್ ಮೊದಲೇ ತಂದಿಡುತ್ತದೆ. ಸಾರ್ಟೆಡ್ ಎಂಬ ಫಂಕ್ಷನ್‌ಗೆ ಕೀ ಎಂಬ ಒಂದು ಹೆಚ್ಚುವರಿ ಸೂಚನೆ ಕೊಡಬಹುದು. ಹೋಲಿಸುವ ಮುನ್ನ ಪ್ರತಿ ಪದಕ್ಕೂ ಏನು ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಹಕಾರದ ಮುಂದಿನ ಸ್ಥಾನವನ್ನು ಯುನಿಕೋಡ್ ಯಾರಿಗೂ ಕೊಟ್ಟಿಲ್ಲ. ಹೋಲಿಕೆಯ ಹೊತ್ತಿಗೆ ಮಾತ್ರ ಳಕಾರವನ್ನು ಆ ಖಾಲಿ ಸ್ಥಾನಕ್ಕೆ ಕಳುಹಿಸಿದರೆ ಕ್ರಮ ಸರಿಹೋಗುತ್ತದೆ, ಮೂಲ ಪದಕ್ಕೆ ಏನೂ ಆಗುವುದಿಲ್ಲ. ಇದಕ್ಕೆ ಬೇಕಾದದ್ದು ಒಂದೇ ಸಾಲು. ಪೈಥಾನ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲುಗಳಲ್ಲಿ ಇದೂ ಒಂದು.

ಹೆಸರುಗಳ ವಿಚಾರದಲ್ಲಿ ಯಂತ್ರಕ್ಕೆ ಅಷ್ಟು ಸಲಿಗೆ ಕೊಡಬಾರದು. ಹತ್ತಿರದ ಪದಗಳನ್ನು ಹುಡುಕಲು ಡಿಫ್‌ಲಿಬ್ ಎಂಬ ಮಾಡ್ಯೂಲ್ ಇದೆ. ಎರಡು ಪದಗಳ ಹೋಲಿಕೆಯನ್ನು ಸೊನ್ನೆಯಿಂದ ಒಂದರವರೆಗಿನ ಅಂಕದಲ್ಲಿ ಅಳೆದು, ನಾವು ಬೇರೆ ಹೇಳದಿದ್ದರೆ 0.6ಕ್ಕಿಂತ ಕಡಿಮೆ ಬಂದವನ್ನು ಬಿಟ್ಟು ಉಳಿದವನ್ನು ಮುಂದಿಡುತ್ತದೆ. ‘ಕಾರಂತ’ ಮತ್ತು ‘ಕಾರಂತ್’ ಅನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಪು.ತಿ. ನರಸಿಂಹಾಚಾರ್ ಮತ್ತು ಡಿ.ಎಲ್. ನರಸಿಂಹಾಚಾರ್ ಅನ್ನು ಕೊಟ್ಟರೂ ಅಂಕ ಆ ಗಡಿಯನ್ನು ಸಲೀಸಾಗಿ ದಾಟುತ್ತದೆ. ಒಬ್ಬರು ಕವಿ, ಇನ್ನೊಬ್ಬರು ಗ್ರಂಥಸಂಪಾದನೆಯ ಮಹಾ ವಿದ್ವಾಂಸರು. ಸ್ಕ್ರಿಪ್ಟ್ ತಾನಾಗಿಯೇ ಒಂದುಗೂಡಿಸಿದರೆ ಇಬ್ಬರ ಪುಸ್ತಕಗಳೂ ಕಲಸಿಹೋಗುತ್ತವೆ. ಇತ್ತ ‘ಕುವೆಂಪು’ ಮತ್ತು ‘ಕೆ.ವಿ. ಪುಟ್ಟಪ್ಪ’ ಒಬ್ಬರೇ ಎಂದು ಯಾವ ಅಂಕವೂ ಹೇಳಲಾರದು. ತ್ರಿವೇಣಿ ಅಂದರೆ ಅನಸೂಯಾ ಶಂಕರ್, ಬೀಚಿ ಅಂದರೆ ರಾಯಸಂ ಭೀಮಸೇನರಾವ್ ಎಂಬುದನ್ನು ಕನ್ನಡದ ಓದುಗರೇ ಹೇಳಬೇಕು. ಆದ್ದರಿಂದ ಡಿಫ್‌ಲಿಬ್‌ನಿಂದ ಅನುಮಾನದ ಜೋಡಿಗಳ ಪಟ್ಟಿಯನ್ನಷ್ಟೇ ಪಡೆದುಕೊಂಡು ತೀರ್ಮಾನವನ್ನು ಗ್ರಂಥಪಾಲಕರಿಗೆ ಬಿಡಬೇಕು.

ಈಗ ಎಐ ಸಹಾಯಕಗಳು ಕೇಳಿದೊಡನೆ ಸ್ಕ್ರಿಪ್ಟ್ ಬರೆದುಕೊಡುತ್ತವೆ. ಬಳಸಿಕೊಳ್ಳಿ. ಆದರೆ ಹಾಗೆ ಬಂದ ಕೋಡ್ ಇಂಗ್ಲಿಷ್ ರೂಢಿಯ ಆ ‘ಪದದ ಅಕ್ಷರ’ದ ಸಂಕೇತವನ್ನೇ ಬಳಸಿದೆಯೇ, ಎನ್‌ಕೋಡಿಂಗ್ ಹೇಳಿದೆಯೇ, ಹೆಸರುಗಳನ್ನು ಕೇಳದೆಯೇ ಒಂದುಗೂಡಿಸುತ್ತಿದೆಯೇ ಎಂದು ನೋಡಲು ಬರಬೇಕು. ಬರೆಯುವ ಶ್ರಮ ಕಡಿಮೆಯಾದಷ್ಟೂ ಓದುವ ಹೊಣೆ ಹೆಚ್ಚುತ್ತದೆ.

ಮೂಲಕ್ಕೆ ಕೈ ಹಚ್ಚಬೇಡಿ

ಇಲ್ಲಿ ನಾನು ಕಟ್ಟುನಿಟ್ಟು. ಮೂಲ ಫೈಲಿನ ಮೇಲೆ ಯಾವತ್ತೂ ಬರೆಯಬಾರದು. ಓದುವುದು ಒಂದು ಫೈಲಿನಿಂದ, ಬರೆಯುವುದು ಬೇರೆ ಹೆಸರಿನ ಇನ್ನೊಂದಕ್ಕೆ. ಮೊದಲ ಓಟದಲ್ಲಿ ಸ್ಕ್ರಿಪ್ಟ್ ಏನನ್ನೂ ಬದಲಿಸದೆ, ಏನು ಬದಲಿಸಲಿದ್ದೇನೆ ಎಂಬುದನ್ನಷ್ಟೇ ಮುದ್ರಿಸಬೇಕು: ಸಾಲಿನ ಸಂಖ್ಯೆ, ಹಳೆಯ ರೂಪ, ಹೊಸ ರೂಪ. ಅದನ್ನು ಪಟ್ಟಿ ಬಲ್ಲವರು ಕಣ್ಣಾಡಿಸಿ ಒಪ್ಪಿದ ಮೇಲೆ ನಿಜವಾದ ಓಟ. ಆರ್ಗ್‌ಪಾರ್ಸ್ ಮಾಡ್ಯೂಲ್‌ನಿಂದ ಇದನ್ನು ಒಂದು ಆಯ್ಕೆಯಾಗಿ ಇಡುವುದು ನಾಲ್ಕು ಸಾಲಿನ ಕೆಲಸ.

ಎರಡನೆಯ ನಿಯಮ, ಅದೇ ಸ್ಕ್ರಿಪ್ಟನ್ನು ಎರಡು ಸಲ ಓಡಿಸಿದರೂ ಫಲ ಒಂದೇ ಆಗಿರಬೇಕು. ಹೆಸರಿನ ಹಿಂದೆ ‘ಡಾ.’ ಸೇರಿಸುವ ಸ್ಕ್ರಿಪ್ಟ್, ಈಗಾಗಲೇ ಇದೆಯೇ ಎಂದು ನೋಡದಿದ್ದರೆ, ಎರಡನೆಯ ಸಲ ‘ಡಾ. ಡಾ.’ ಮಾಡುತ್ತದೆ. ಇಂಥವನ್ನು ಹಿಡಿಯಲು ಡಾಕ್‌ಟೆಸ್ಟ್ ಬಹಳ ಸೊಗಸಾದ ಸಾಧನ. ಫಂಕ್ಷನ್‌ನ ವಿವರಣೆಯಲ್ಲೇ ‘ಇದನ್ನು ಕೊಟ್ಟರೆ ಇದು ಬರಬೇಕು’ ಎಂದು ಎರಡು ಮೂರು ಉದಾಹರಣೆ ಬರೆದಿಟ್ಟರೆ, ಅವು ನಿಜವೇ ಎಂದು ಪೈಥಾನ್ ತಾನೇ ಓಡಿಸಿ ನೋಡುತ್ತದೆ. ವಿವರಣೆಯೂ ಆಯಿತು, ಪರೀಕ್ಷೆಯೂ ಆಯಿತು. ಸೊನ್ನೆಯನ್ನು ಅನುಸ್ವಾರ ಮಾಡುವ ಫಂಕ್ಷನ್‌ಗೆ ‘ಬೆ೦ಗಳೂರು’ ಮತ್ತು ‘ಸಂಪುಟ ೧೦’ ಎರಡನ್ನೂ ಉದಾಹರಣೆಯಾಗಿ ಕೊಟ್ಟಿಡಿ. ನಾಳೆ ಯಾರಾದರೂ ನಿಯಮ ಬದಲಿಸಿ ಕೆಡಿಸಿದರೆ ಕೂಡಲೇ ತಿಳಿಯುತ್ತದೆ.

ಸ್ಕ್ರಿಪ್ಟಿನ ಹಳೆಯ ಹೊಸ ರೂಪಗಳನ್ನು, ಆವೃತ್ತಿಗಳ ಲೆಕ್ಕ ಇಡುವ ಗಿಟ್ ಎಂಬ ಸಾಧನದಲ್ಲಿ ಉಳಿಸುತ್ತ ಹೋಗಿ. ‘ಪಟ್ಟಿ_ಅಂತಿಮ’, ‘ಪಟ್ಟಿ_ಅಂತಿಮ_೨’ ಎಂಬ ಫೈಲುಗಳ ರಾಶಿ ಬೀಳುವುದು ತಪ್ಪುತ್ತದೆ.

ಲೇಖಕರ ಹೆಸರುಗಳ ಕೋಷ್ಟಕವನ್ನು ಮಾತ್ರ ಸ್ಕ್ರಿಪ್ಟಿನ ಒಳಗೆ ಬರೆಯಬೇಡಿ. ಅದು ಎರಡೇ ಕಾಲಂಗಳ ಬೇರೆ ಸಿಎಸ್‌ವಿ ಫೈಲಾಗಿರಲಿ, ಎಡಕ್ಕೆ ಪಟ್ಟಿಯಲ್ಲಿರುವ ರೂಪ, ಬಲಕ್ಕೆ ಇರಬೇಕಾದ ರೂಪ. ಆಗ ಪ್ರೋಗ್ರಾಂ ಬಾರದ ಗ್ರಂಥಪಾಲಕರೂ ಅದನ್ನು ಎಕ್ಸೆಲ್‌ನಲ್ಲಿ ತೆರೆದು ತಿದ್ದಬಹುದು. ಹೊಸ ಪುಸ್ತಕಗಳ ಕಟ್ಟು ಬಂದಾಗ ಅವರೇ ಅದಕ್ಕೆ ನಾಲ್ಕು ಸಾಲು ಸೇರಿಸಿ ಅದೇ ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಿದರೆ ಸಾಕು; ಬರೆದವರು ಊರಲ್ಲಿ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.